ಮಾಯಣ್ಣನ ಇಡೀ ಬಾತುಕೋಳಿ

ಎಪ್ಪತ್ತೆಂಟರ ಯುಗಾದಿಯ ಮಾರನೆಯ ದಿನ, ಹೊಸತೊಡಕು. ಬಿಳಿಗೆರೆಯಲ್ಲಿ ಬೆಳಗಾಗುತ್ತಲೇ ರಂಗಪ್ಪ ಕುರಿ ಕೊಯ್ದು, ಮೊದಲೇ ಹೆಸರು ಕೊಟ್ಟವರಿಗೆಲ್ಲ ಮಾಂಸದ ಗುಡ್ಡೆ ಹಾಕಿ ಹಂಚಿ ಮುಗಿಸಿದ್ದ. ಬೀದಿಗೆ ಬೀದಿಯೇ ಮಸಾಲೆ ಅರೆಯುತ್ತಿತ್ತು. ಗುಡ್ಡೆಗೆ ಹೆಸರು ಕೊಡದವನು ಮಾಯಣ್ಣ ಒಬ್ಬನೇ.

"ಏನ್ಲಾ ಮಾಯ, ಮಗಳ ಮದ್ವೆ ಆದ್ಮೇಲೆ ಬೀಗ್ರು ಮೊದಲ್ನೇ ಸಲ ಹಬ್ಬಕ್ಕೆ ಬತ್ತಾವ್ರೆ. ಬೇಳೆ ಸಾರು ಬಡಿಸ್ತೀಯೇನ್ಲಾ?" ರಂಗಪ್ಪ ಬೇಲಿಯಾಚೆಯಿಂದ ಕೇಳಿದ.

"ಬಾತುಕೋಳಿ ಕಣ್ಲಾ! ತುಂಡು ಮಾಡಂಗಿಲ್ಲ, ಸಾರು ಮಾಡಂಗಿಲ್ಲ. ಇಡೀದು, ಹಂಗೇ ಬೆಂಕಿ ಮೇಲೆ! ಮೈಯೆಲ್ಲ ಕನ್ನಡಿ ಹೊಳ್ದಂಗೆ ಹೊಳೀತದೆ, ನೋಡ್ತಿರು!"

ಹರೆಯದಲ್ಲಿ ಮಾಯಣ್ಣ ಬೆಂಗಳೂರಿನ ಮಿಲಿಟರಿ ಮೆಸ್ಸೊಂದರಲ್ಲಿ ಮೂರು ವರ್ಷ ಇದ್ದ. ಅಲ್ಲಿ ಕ್ರಿಸ್ಮಸ್ಸಿಗೆ ಸುಡುತ್ತಿದ್ದ ಬಾತುಕೋಳಿಯ ಕಥೆಯನ್ನು ಇಪ್ಪತ್ತೆರಡು ವರ್ಷದಿಂದ ಊರಿಗೆಲ್ಲ ಹೇಳುತ್ತ ಬಂದಿದ್ದ. ಇವತ್ತು ಕೈಯಲ್ಲೇ ಮಾಡಿ ತೋರಿಸುವ ದಿನ.

ತೋಟದಲ್ಲಿ ಗುಂಡಿ ತೋಡಿದ. ಮಂಕರಿ ತುಂಬ ತೆಂಗಿನ ಕರಟ ಸುರಿದು ಬೆಂಕಿ ಹಚ್ಚಿದ. ಹಂದನಕೆರೆ ಬಯಲಲ್ಲಿ ಬಾತು ಮೇಯಿಸುತ್ತಿದ್ದವರಿಂದ ತಂದ ಕೊಬ್ಬಿದ ಬಾತು, ಹೊಟ್ಟೆಯೊಳಗೆ ಬೆಳ್ಳುಳ್ಳಿ, ಮೆಣಸು ತುಂಬಿಸಿಕೊಂಡು ಕಬ್ಬಿಣದ ಸಲಾಕೆ ಏರಿತು. ಬೆಲ್ಲ, ಹುಣಸೆ ರಸ, ಖಾರದ ಪುಡಿ ಕುದಿಸಿದ ಪಾಕವನ್ನು ನಾರಿನ ಕುಂಚದಲ್ಲಿ ಮೈಗೆಲ್ಲ ಬಳಿದು ಬೆಂಕಿಗಿಟ್ಟ.

"ಅಂಕೀ, ಬಾರೇ ಇಲ್ಲಿ! ಆಗ್ಲೇ ಬಣ್ಣ ಬಂತು!"

ಹೆಂಡತಿ ಅಂಕಮ್ಮ ಓಡಿ ಬಂದು ಮೂಗು ಮುಚ್ಚಿಕೊಂಡಳು. "ಬಣ್ಣ ಬಂತು ಸರಿ, ವಾಸನೆ ಯಾಕೆ ಹಿಂಗೈತೆ?"

ಅಷ್ಟರಲ್ಲಿ ಬಾತಿನ ಕೊಬ್ಬು ಕರಗಿ ತೊಟ್ಟಿಕ್ಕಿತು. ಕರಟದ್ದು ಮೊದಲೇ ಜೋರು ಬೆಂಕಿ. ಧಗ್ಗನೆ ಮಂಡಿಯುದ್ದ ಎದ್ದಿತು. ಒಂದು ಮಗ್ಗುಲ ಬೆಲ್ಲವೆಲ್ಲ ಸೀದು ಕರ್ರಗಾಯಿತು. ಮಾಯಣ್ಣ ಸಲಾಕೆ ಎತ್ತಿಕೊಂಡು ಕುಣಿದಾಡಿದ.

"ಗುಡ್ಡೆನೂ ಇಲ್ಲ, ಬಾತೂ ಹೋಯ್ತು! ಬೀಗ್ರ ಮುಂದೆ ನಮ್ ಮಗ್ಳು ಗೌರಿ ತಲೆ ಎತ್ತಂಗಿಲ್ಲ." ಅಂಕಮ್ಮ ರೇಗಿದಳು. " ಅಲ್ಲಾ, ಮೆಸ್ಸಲ್ಲಿ ಪಾಕ ಯಾವಾಗ ಬಳೀತಿದ್ರು?"

"ಗೊತ್ತಿಲ್ಲ ಕಣೇ," ಮಾಯಣ್ಣನ ದನಿ ಇಳಿಯಿತು. "ನಾನು ಪಾತ್ರೆ ಉಜ್ತಿದ್ದೆ. ಬಾತು ಒಳಕ್ಕೆ ಹೋಗಾದು, ಹೊಳ್ಕಂಡು ಆಚೆಗೆ ಬರಾದು, ಅಷ್ಟೇ ನೋಡಿದ್ದು."

"ಇಪ್ಪತ್ತೆರಡು ವರ್ಷ!" ಅಂಕಮ್ಮನಿಗೆ ಸಿಟ್ಟು ಬಂತೋ ನಗು ಬಂತೋ. "ಬುಡಿ ಇತ್ಲಾಗೆ. ಒಬ್ಬಟ್ಟಿಗೆ ತುಪ್ಪ ಬೇಯೋಕ್ ಮುಂಚೆ ಸುರೀತಾರಾ?"

ಗುದ್ದಲಿಯಲ್ಲಿ ಕೆಂಡವನ್ನು ಎರಡು ಕಡೆಗೆ ಎಳೆದಳು. ನಡುವೆ ನೀರು ತುಂಬಿದ ಮಣ್ಣಿನ ಬೋಗುಣಿ ಇಟ್ಟಳು; ಕೊಬ್ಬು ಬೆಂಕಿಗೆ ಬೀಳದೆ ಅದಕ್ಕೆ ಬೀಳತೊಡಗಿತು. ಸೀದದ್ದನ್ನು ಚಾಕುವಿನಲ್ಲಿ ಕೆರೆದಳು.

ಹೊನ್ನವಳ್ಳಿಯ ಬೀಗರು ಬಂದಿಳಿದಾಗ ಬಾತು ಇನ್ನೂ ತಿರುಗುತ್ತಲೇ ಇತ್ತು. ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಹಸಿವು ತಡೆಯಲಾರದೆ ಬೀಗ ನಂಜುಂಡಪ್ಪನವರೇ ತೋಟಕ್ಕೆ ಬಂದರು.

"ಏನ್ ಬೀಗ್ರೇ, ಊಟಕ್ಕೆ ಕರ್ದು ಬಾವಿ ತೋಡ್ತಾ ಕುಂತಿದೀರಾ?"

"ಬಂತು ಬೀಗ್ರೇ, ಬಂತು!"

ಈಗ ಅಂಕಮ್ಮ ಕಣ್ಣಲ್ಲೇ ಸನ್ನೆ ಮಾಡಿದಳು. ಮಾಯಣ್ಣ ಪಾಕ ಬಳಿದ. ಚುಂಯ್! ಇನ್ನೊಂದು ಸಲ. ಮತ್ತೊಂದು ಸಲ. ಕಂದು ತೊಗಲು ಕೆಂಪಾಯಿತು, ಕೆಂಪು ಮಿರಮಿರ ಮಿಂಚಿತು. ನಂಜುಂಡಪ್ಪನವರು ಪಂಚೆ ಮೇಲೆತ್ತಿ ಗುಂಡಿಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು.

ಬಾಳೆ ಎಲೆಯ ಮೇಲೆ ಇಡೀ ಬಾತು ನಡುಮನೆಗೆ ಬಂತು. ಬೀಗರಿಗೊಂದು ಕಾಲು, ಅಳಿಯನಿಗೊಂದು ಕಾಲು, ಅದು ವಾಡಿಕೆ. ನಂಜುಂಡಪ್ಪನವರು ಒಂದು ಕಾಲು ಕಿತ್ತರು. ತೊಗಲು ಕಟುಮ್ಮೆಂದಿತು. ತಿಂದರು. ಮೂಳೆಯನ್ನೂ ಚೀಪಿದರು. ಮಾಯಣ್ಣ ಅವರ ಬಾಯನ್ನೇ ನೋಡುತ್ತಿದ್ದ. ಅವರ ಕೈ ಸೀದಾ ಇನ್ನೊಂದು ಕಾಲಿಗೆ ಹೋಯಿತು.

"ಅಯ್ಯೋ, ಅದು ಹುಡುಗನ ಪಾಲು ಕಣ್ರೀ!" ಅವರ ಹೆಂಡತಿ ಕೈ ಹಿಡಿದರು.

"ಅವನಿಗೆ ಮುಂದಿನ್ ವರ್ಷ ಮಾಡ್ಕೊಡ್ತಾರೆ ಬುಡು!"

ಅಳಿಯ ಬಾಯಿ ತೆರೆದು ಕೂತ. ಮಾಯಣ್ಣ ಬೆರಳು ಸುಡುತ್ತಿದ್ದರೂ ಎದೆಯ ದಪ್ಪ ತುಂಡನ್ನೇ ಕಿತ್ತು ಅವನ ಎಲೆಗೆ ಹಾಕಿದ. ಬಾಗಿಲ ಹಿಂದಿನಿಂದ ಅಂಕಮ್ಮ ಗಂಡನಿಗೆ ಕೂಗಿ ಹೇಳಿದಳು:

"ಕೇಳುಸ್ತಾ? ಮುಂದಿನ್ ಸಲ ಎರಡು ತಂದ್ಬುಡಿ!"