ಓಗೊಡದ ಆರು ಹುಡುಗಿಯರು

ಸ್ಕೌಟಿನಂಥ ಹುಡುಗಿಯರ ದಳ ಕಟ್ಟಬೇಕೆಂಬ ಹುಚ್ಚು ನನಗೆ ಹತ್ತಿದ್ದು ಮೈಸೂರಿನಲ್ಲಿ. ಹತ್ತು ದಿನದ ತರಬೇತಿಗೆ ಕಳುಹಿಸಿದ್ದರು. ಗೊಣಗಿಕೊಂಡು ಹೋದವಳು ಕೊರಳಲ್ಲೊಂದು ಹಿತ್ತಾಳೆಯ ಸೀಟಿ, ಚೀಲದಲ್ಲೊಂದು ಇಂಗ್ಲಿಷ್ ಪುಸ್ತಕ, ತಲೆತುಂಬ ಗರ್ವ ಹೊತ್ತುಕೊಂಡು ವಾಪಸು ಬಂದೆ. ಐವತ್ತರ ದಶಕದ ನಡುಭಾಗ ಅದು, ನನಗೆ ಇಪ್ಪತ್ತೆರಡು. ಸರಗೂರಿನಿಂದ ನಾಲ್ಕು ಮೈಲಿ ಕಾಡಿನ ಕಡೆಗಿದ್ದ ಒಂದು ಊರಿನ ಹುಡುಗಿಯರ ಶಾಲೆಗೆ ನಾನೊಬ್ಬಳೇ ಉಪಾಧ್ಯಾಯಿನಿ. ಮಗ್ಗಿ ಹೇಳಿಸುವವಳೂ ನಾನೇ, ಗಂಟೆ ಹೊಡೆಯುವವಳೂ ನಾನೇ. ಹೇಳುವವರು ಕೇಳುವವರು ಯಾರೂ ಇಲ್ಲದ್ದರಿಂದ ದಳ ಶುರುಮಾಡುವುದು ಸುಲಭವೆಂದುಕೊಂಡಿದ್ದೆ.

ಸುಲಭವಾಗಲಿಲ್ಲ. ಹಗ್ಗಕ್ಕೆ ಗಂಟು ಹಾಕುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಸಾಲಾಗಿ ನಡೆಯುವುದು, ಇಷ್ಟನ್ನು ಶಾಲೆಯ ಅಂಗಳದಲ್ಲಿ ಕಲಿಸುವಷ್ಟರಲ್ಲೇ ಊರಿನ ಜಗಲಿಗಳಲ್ಲಿ ನನ್ನ ಮಾತೇ ಮಾತು. "ಎಣ್ಣುಮಕ್ಳಿಗೆ ಅಗ್ಗ ಗಂಟಾಕದು ಕಲಿಸಕೆ ಸರ್ಕಾರ ಸಂಬ್ಳ ಕೊಟ್ಟದಾ?" ಎಂದು ಒಬ್ಬರು ನನ್ನ ಮುಂದೆಯೇ ಕೇಳಿದರು. ಅಂಗಳ ದಾಟಿ ಹೊರಗೆ ಕರೆದೊಯ್ಯುತ್ತೇನೆ ಎಂದಾಗಂತೂ ಹದಿನಾಲ್ಕು ಮನೆಯಲ್ಲಿ ಹದಿಮೂರು ಬಾಗಿಲು ಮುಚ್ಚಿದವು.

ಮುಚ್ಚದೆ ಉಳಿದದ್ದು ರಾಗಿ ವ್ಯಾಪಾರಿಯೊಬ್ಬರ ಬಾಗಿಲು. ಹಣೆತುಂಬ ವಿಭೂತಿ, ಮಾತು ಕಡಿಮೆ. ಅವರ ಹಿರಿಮಗಳಿಗೆ ಹನ್ನೆರಡು ವರ್ಷ. ನನ್ನ ದಳದ ನಾಯಕಿ ಅವಳೇ. ಒಂದು ಸಲ ಹೇಳಿದ್ದನ್ನು ಎರಡನೇ ಸಲ ಹೇಳಿಸಿಕೊಳ್ಳದ ಹುಡುಗಿ. ಅದಕ್ಕೇ ನನಗೆ ಅಚ್ಚುಮೆಚ್ಚು. ಅಪ್ಪ ಒಪ್ಪಿದರೆ ಸುತ್ತಲಿನ ಐದಾರು ಮನೆಯವರೂ ಒಪ್ಪುತ್ತಾರೆಂದು ಗೊತ್ತಿತ್ತು. ಮೂರು ಸಂಜೆ ಅವರ ಜಗಲಿಯ ಮೇಲೆ ಕೂತೆ. ಮೂರನೆಯ ಸಂಜೆ ಅವರು, "ನಿಮ್ಮುನ್ನ ನಂಬಿ ಕಳಿಸ್ತಾ ಇವ್ನಿ ಕಣ್ರವ್ವ" ಎಂದರು. ನಾನು ಕುಣಿಯುತ್ತ ಮನೆಗೆ ಬಂದೆ.

ಮೊದಲ ಸಲ ಆರೇ ಹುಡುಗಿಯರು. ಗುರುತು ಹಿಡಿದು ದಾರಿ ಕಾಣುವ ಆಟ. ದಾರಿಯುದ್ದಕ್ಕೂ ನಾನು ಮೊದಲೇ ಗುರುತು ಇಟ್ಟಿರುತ್ತೇನೆ, ಅವರು ಅದನ್ನು ನೋಡಿಕೊಂಡು ನಾನಿರುವಲ್ಲಿಗೆ ಬರಬೇಕು. ಶಾಲೆಯ ಹಿಂದಿನ ಹುಣಸೆತೋಪು ದಾಟಿದರೆ ಒಂದು ಕವಲು. ಬಲಕ್ಕೆ ತಿರುಗಿದರೆ ಕೆರೆ ಏರಿ. ಎಡಕ್ಕೆ ಹೋದರೆ ಕಾಡು. ಎಲ್ಲ ಸೇರಿ ಒಂದೂವರೆ ಮೈಲಿ. ಎರಡು ಸಲ ನಡೆದು ನೋಡಿದ್ದೆ. ಒಂದು ಶನಿವಾರ ಬೆಳಿಗ್ಗೆ ಆರು ಗಂಟೆಗೇ ಹೋಗಿ, ಹಸಿ ಹೊಂಗೆ ರೆಂಬೆಗಳ ಬುಡದ ಮೇಲೆ ಕಲ್ಲು ಹೇರಿ, ತುದಿ ಹೋಗಬೇಕಾದ ಕಡೆಗೆ ಚಾಚಿಕೊಂಡಿರುವಂತೆ ಇಟ್ಟು ಬಂದೆ. ಕವಲಿನಲ್ಲಿ ದೊಡ್ಡ ರೆಂಬೆ, ದೊಡ್ಡ ಕಲ್ಲು. ತಪ್ಪುವ ಮಾತೇ ಇಲ್ಲ ಎಂದುಕೊಂಡೆ.

ಶನಿವಾರ ಅರ್ಧ ದಿನದ ಶಾಲೆ. ಮಧ್ಯಾಹ್ನ ಒಂದೂವರೆಗೆ ಅವರು ಹೊರಡಬೇಕೆಂದು ಹೇಳಿ ನಾನು ಊರೊಳಗಿನ ಹತ್ತಿರದ ದಾರಿಯಿಂದ ಕೆರೆ ಏರಿಗೆ ಹೋಗಿ ಪುರಿ, ಹುರಿಗಡಲೆ, ಬೆಲ್ಲ ಬಿಚ್ಚಿಟ್ಟುಕೊಂಡು ಕೂತೆ. ಎರಡೂವರೆಯಾಯಿತು. ಮೂರಾಯಿತು. ಹುಡುಗಿಯರು ಹರಟುತ್ತ ಬರುತ್ತಿರಬೇಕು, ಬಂದ ಮೇಲೆ ಬೈಯಬೇಕು ಎಂದು ಬೈಗುಳ ಜೋಡಿಸಿಕೊಂಡೆ. ಮೂರೂವರೆಗೆ ಬೈಗುಳವೆಲ್ಲ ಮರೆತುಹೋಯಿತು. ಪುರಿಯ ಗಂಟು ಅಲ್ಲೇ ಬಿಟ್ಟು, ಅವರು ಬರಬೇಕಾಗಿದ್ದ ದಾರಿಯಲ್ಲಿ ಎದುರಿಗೆ ನಡೆದೆ.

ಕವಲಿಗೆ ಬಂದಾಗ ನಾನಿಟ್ಟ ಗುರುತು ಕಾಣಲಿಲ್ಲ. ಅದಿದ್ದ ಜಾಗದಲ್ಲಿ ಮೊಣಕಾಲೆತ್ತರ ಸೊಪ್ಪಿನ ರಾಶಿ ಬಿದ್ದಿತ್ತು. ಹೊಂಗೆ, ತಂಗಡಿ, ಲಂಟಾನ, ಕೈಗೆ ಸಿಕ್ಕಿದ್ದೆಲ್ಲ. ರಾಶಿಯ ಸಂದಿಯಲ್ಲಿ ನನ್ನ ಕಲ್ಲು ಕಾಣುತ್ತಿತ್ತು. ಅದರ ಮೇಲೆ ಕುಂಕುಮ. ಪಕ್ಕದ ಮರದ ಕೆಳಗೆ ಮೇಕೆ ಮೇಯಿಸುತ್ತ ಒಬ್ಬ ಮುದುಕಿ ಕೂತಿದ್ದಳು.

"ಏನಜ್ಜಿ ಇದು?"

"ಸೊಪ್ಪಮ್ಮ ಕಣವ್ವ. ನೆನ್ನೆ ತಂಕ ಇಲ್ಲಿರ್ನಿಲ್ಲ. ಇವತ್ತು ಬೆಳಿಗ್ಗೆ ಯಾವ ಪುಣ್ಯಾತ್ಗಿತ್ತಿ ಕಲ್ಲಿಟ್ಟು ಸೊಪ್ಪಾಕುದ್ಲೋ, ಸೌದೆಗೆ ವೋಗೋರೆಲ್ಲ ಆಕ್ಕಂಡು ವೋದ್ರು."

ನನ್ನೂರು ಕೆ.ಆರ್. ನಗರದ ಕಡೆ, ಮಿರ್ಲೆಯ ಹತ್ತಿರ. ನಾಲೆ ನೀರು, ಗದ್ದೆ ಬಯಲಿನ ಸೀಮೆ, ನಾವು ಕಾಡು ನೋಡಿದವರಲ್ಲ. ಕಾಡಿಗೆ ಹೋಗುವ ದಾರಿಯಲ್ಲಿ ಒಂದು ಹಸಿ ರೆಂಬೆ ಹಾಕಿ ಕೈಮುಗಿದರೆ ಹೋದವರು ಮುಳ್ಳು ಮೃಗದ ತಂಟೆಯಿಲ್ಲದೆ ವಾಪಸು ಬರುತ್ತಾರೆಂಬುದು ಈ ಕಡೆಯವರಿಗೆ ನೀರು ಕುಡಿದಷ್ಟು ಸಹಜ. ಕಲ್ಲಿನ ಕೆಳಗೆ ಹಸಿ ಸೊಪ್ಪು ಕಂಡರೆ ಅವರಿಗೆ ಅದು ಸೊಪ್ಪಮ್ಮ. ಎಡಬಲ ಹೇಳುವ ಬಾಣವಲ್ಲ. ಒಂದು ವರ್ಷ ಆ ಊರಿನಲ್ಲಿದ್ದೂ ನಾನು ಅದನ್ನು ಕೇಳಿ ತಿಳಿದಿರಲಿಲ್ಲ. ಪುಸ್ತಕದಲ್ಲಿ ಇರಲಿಲ್ಲವಲ್ಲ!

"ಆರು ಹುಡುಗಿಯರು ಬಂದರಾ ಅಜ್ಜಿ?"

"ಬಂದ್ವಲ್ಲ. ಸೊಪ್ಪಾಕಿದ್ವು, ಕೈಮುಗುದ್ವು, ಅಂಗೇ ಕಾಡು ದಾರಿ ಇಡ್ಕಂಡು ವೋದ್ವು. ಎಲ್ಲಿಗ್ರವ್ವಾ ಅಂದ್ರೆ, ಸೊಪ್ಪಿನ ಗುರ್ತು ನೋಡ್ಕಂಡು ವೋಯ್ತಾ ಇದೀವಿ ಅಂದ್ವು. ನೀವೇ ಕಳ್ಸಿದ್ದಂತಲ್ಲ?"

ಎಡಗಡೆಯ ದಾರಿ ನೋಡಿದೆ. ಸೌದೆ ಹೊರೆಗಳಿಂದ ಉದುರಿದ ಹಸಿ ಸೊಪ್ಪು ಹತ್ತು ಹೆಜ್ಜೆಗೊಂದು, ಇಪ್ಪತ್ತು ಹೆಜ್ಜೆಗೊಂದು ಬಿದ್ದುಕೊಂಡಿತ್ತು. ಹಸಿ ಸೊಪ್ಪು ಎಲ್ಲಿ ಕಾಣುತ್ತದೋ ಅದೇ ದಾರಿ ಎಂದು ನಾನೇ ಹೇಳಿಕೊಟ್ಟಿದ್ದೆ. ಹೇಳಿದಂತೆ ನಡೆಯುವ ಹುಡುಗಿಯರು, ನಡೆದುಬಿಟ್ಟಿದ್ದರು.

ಸೀಟಿ ಊದಿದೆ. ಊದುತ್ತಲೇ ಒಂದು ಫರ್ಲಾಂಗು ಒಳಗೆ ಓಡಿದೆ. ಉತ್ತರವಿಲ್ಲ. ದಾರಿಯ ಮಧ್ಯೆ ಆನೆಯ ಲದ್ದಿ ಬಿದ್ದಿತ್ತು, ಇನ್ನೂ ಹಸಿ. ಹಿಂದೆಯೇ ಬಂದ ಮುದುಕಿ ನನ್ನ ತೋಳು ಹಿಡಿದು ಎಳೆದಳು. "ಒಬ್ಳೇ ವೋಗಿ ಏನ್ ಕಿತ್ತಾಕೀಯೆ? ವೊತ್ತು ಮುಳುಗೋ ವೊತ್ಗೆ ಆನೆಗೋಳು ಕಟ್ಟೆ ನೀರಿಗೆ ಇಳೀತವೆ. ಊರ್ಗೆ ಓಡು, ಗಂಡಸ್ರ ಕರಿ."

ಊರಿಗೆ ಓಡಿದೆ. ರಾಗಿ ವ್ಯಾಪಾರಿಯ ಜಗಲಿಯ ಮುಂದೆ ನಿಂತು ಹೇಳಬೇಕಾದ ಮಾತನ್ನು ಹೇಗೆ ಹೇಳಿದೆನೋ ಕಾಣೆ. ಅವರು ತಟ್ಟನೆ ಎದ್ದರು. ಹೆಗಲ ಮೇಲಿನ ವಲ್ಲಿಯನ್ನು ತಲೆಗೆ ಸುತ್ತಿಕೊಂಡು, ಮಚ್ಚು ತೆಗೆದುಕೊಂಡು, ಎಂಟು ಹತ್ತು ಜನರನ್ನು ಕೂಗಿ ಕರೆದರು. ನಾನೂ ಹೊರಟೆ. ಅವರು ತಿರುಗಿ ನೋಡಿದರು.

"ನೀವು ಇಲ್ಲೇ ಇರಿ. ಮಾಡಿದ್ದು ಸಾಕು."

ಶಾಲೆಯ ಮೆಟ್ಟಿಲ ಮೇಲೆ ಕೂತೆ. ಆರು ತಾಯಂದಿರು ಬಂದು ಅಂಗಳದಲ್ಲಿ ನಿಂತರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಸುಗ್ಗಿ ಮುಗಿದ ಕಾಲ, ಬೇಗ ಕತ್ತಲಾಗುವ ದಿನಗಳು. ಎಲ್ಲರೂ ಹುಣಸೆತೋಪಿನ ನೆತ್ತಿಯ ಮೇಲಿನ ಬಿಸಿಲನ್ನೇ ನೋಡುತ್ತಿದ್ದರು. ಅದು ಕೊಂಬೆಯಿಂದ ಕೊಂಬೆಗೆ ಮೇಲಕ್ಕೆ ಹೋಗುತ್ತಿತ್ತು. ಆ ಆರರಲ್ಲಿ ಅತಿ ಚಿಕ್ಕದಕ್ಕೆ ಒಂಬತ್ತೂ ತುಂಬಿರಲಿಲ್ಲ. ಹಟಮಾಡಿ ಬಂದಿದ್ದಳು, ನಾನು ಹೂಂ ಎಂದಿದ್ದೆ.

ಐದೂವರೆಯ ಹೊತ್ತಿಗೆ ಒಬ್ಬಾತ ಪಂಜು ಕೊಂಡೊಯ್ಯಲು ಓಡಿ ಬಂದ. ತಾಯಂದಿರು ಸುತ್ತುವರಿದರು.

"ಬಿದಿರುಮೆಳೆ ತಾವ ಮಕ್ಳ ಎಜ್ಜೆ ಅವೆ. ಅಲ್ಲಿಂದ ಮುಂದ್ಕೆ ಇಲ್ಲ" ಎಂದ. "ಎಸ್ರು ಇಡುದು ಕೂಗಿ ಕೂಗಿ ಗಂಟ್ಲು ಕಟ್ಕತು. ಒಂದೂ ಓ ಅನ್ನಲ್ಲ."

ಒಬ್ಬ ತಾಯಿ ಅಲ್ಲೇ ಕುಸಿದು ಎದೆ ಬಡಿದುಕೊಳ್ಳತೊಡಗಿದಳು. ಹೆಜ್ಜೆ ನಿಂತಿದೆ, ದನಿಯಿಲ್ಲ. ಅವಳಿಗೆ ಅದರ ಅರ್ಥ ಒಂದೇ. ನನಗೆ ಇನ್ನೊಂದು ಹೊಳೆಯಿತು.

ಆ ಮೂರನೆಯ ಸಂಜೆ ವ್ಯಾಪಾರಿ ಒಪ್ಪುವ ಮುಂಚೆ ಒಂದು ಮಾತು ಕೇಳಿದ್ದರು. ದಾರಿಯಲ್ಲಿ ಯಾರಾದರೂ ಗಂಡಸರು ಹೆಣ್ಣುಮಕ್ಕಳನ್ನು ಕೂಗಿ ಕರೆದರೆ ಏನು ಗತಿ? ನಾನು ಮರುದಿನವೇ ಒಂದು ನಿಯಮ ಮಾಡಿದೆ. ನನ್ನ ಸೀಟಿಗೆ ಬಿಟ್ಟು ಇನ್ನು ಯಾರು ಕರೆದರೂ ಓಗೊಡಕೂಡದು. ದಾರಿ ತಪ್ಪಿದರೆ ಇದ್ದಲ್ಲೇ ಅಡಗಿ ಕೂತು, ಸೀಟಿ ಕೇಳಿದ ಮೇಲೇ ಏಳಬೇಕು. ಇಂಗ್ಲಿಷ್ ಪುಸ್ತಕದಲ್ಲಿ ಮಾತು ಕೊಡುವ ಒಂದು ಶಾಸ್ತ್ರವಿತ್ತು. 'ಮಾತು' ಎಂದರೆ ಸಪ್ಪೆಯಾಯಿತೆಂದು ನಾನು 'ಆಣೆ' ಎಂದು ಮಾಡಿಕೊಂಡೆ. ಆರು ಜನರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬಳ ಕೈಯನ್ನೂ ನನ್ನ ಕೈಮೇಲೆ ಇಡಿಸಿ ಆಣೆ ಮಾಡಿಸಿದೆ. ನನಗೆ ಅದು ಚಂದದ ನಾಟಕ. ಆಣೆ ತಪ್ಪಿದರೆ ಮನೆ ಹಾಳಾಗುತ್ತದೆಂದು ನಂಬಿದ ಮನೆಗಳ ಮಕ್ಕಳು ಅವರು. ಆಣೆಯಿಟ್ಟು ಹೇಳಿದ ಮೇಲೆ ಕಟ್ಟೆ ಪಂಚಾಯ್ತಿಯೇ ಬಾಯಿ ಮುಚ್ಚುವ ಊರು ಅದು.

ಪಂಜಿನವನಿಗಿಂತ ಮುಂದೆ ಓಡಿದೆ. ಸೀರೆ ಮುಳ್ಳಿಗೆ ಸಿಕ್ಕಿ ಹರಿಯಿತು, ಒಂದು ಕಾಲಿನ ಚಪ್ಪಲಿ ಎಲ್ಲಿ ಬಿತ್ತೋ. ಕಾಡಿನ ಆ ದಾರಿಯುದ್ದಕ್ಕೂ ನಾನು ದೇವರಿಗೆ ಮುಡಿಪು ಕಟ್ಟಲಿಲ್ಲ. ನನ್ನ ನಾಯಕಿ ಆಣೆ ಮುರಿದಿರಲಿ, ನನ್ನ ಮಾತು ಕೇಳದಿರಲಿ ಎಂದಷ್ಟೇ ಬೇಡಿಕೊಳ್ಳುತ್ತಿದ್ದೆ. ಬಿದಿರುಮೆಳೆ ತಲುಪಿದಾಗ ಮರಗಳ ಕೆಳಗೆ ಆಗಲೇ ಮಬ್ಬು. ದೂರದಲ್ಲಿ ಎಲ್ಲೋ ಬಿದಿರು ಮುರಿದ ಸದ್ದು. ಗಂಡಸರು ಮಾತು ನಿಲ್ಲಿಸಿ ಅತ್ತ ಕಿವಿಕೊಟ್ಟಿದ್ದರು. ವ್ಯಾಪಾರಿ ನನ್ನನ್ನು ಕಂಡು, "ಯಾಕ್ ಬಂದ್ರಿ?" ಎಂದರು, ದನಿ ಪೂರಾ ಒಡೆದುಹೋಗಿತ್ತು.

ಸೀಟಿ ಬಾಯಿಗಿಟ್ಟೆ. ಬಾಯಿ ಒಣಗಿ ಗಾಳಿ ಬಂತೇ ಹೊರತು ಸದ್ದು ಬರಲಿಲ್ಲ. ತುಟಿ ಕಚ್ಚಿ, ನೆಕ್ಕಿ, ಮತ್ತೆ ಊದಿದೆ. ಉದ್ದಕ್ಕೆ ಮೂರು ಸಲ.

ನಾವು ನಿಂತಲ್ಲಿಂದ ನಲವತ್ತು ಹೆಜ್ಜೆಯೂ ಇರಲಿಲ್ಲ. ಮೆಳೆಯ ಹಿಂದಿನ ಹಳ್ಳದಿಂದ ಅವರು ಮೇಲೆ ಬಂದರು. ಇಬ್ಬಿಬ್ಬರಾಗಿ, ಸಾಲು ತಪ್ಪದೆ. ಮುಂದೆ ನಾಯಕಿ. ನನ್ನ ಎದುರು ಬಂದು ನೆಟ್ಟಗೆ ನಿಂತು, ಮೂರು ಬೆರಳು ಹಣೆಗಿಟ್ಟು, "ಆರೂ ಜನ ಇದ್ದೀವಿ ಮೇಡಂ" ಎಂದಳು. ಆ ಕೈಯ ಅಂಗೈ ತುಂಬ ಹಲ್ಲಿನ ಗುರುತು, ರಕ್ತ. ಚಿಕ್ಕವಳು ಓ ಎನ್ನಲು ಹೋದಾಗಲೆಲ್ಲ ಅವಳ ಬಾಯಿ ಮುಚ್ಚಿ ಹಿಡಿದಿದ್ದಳು. ಚಿಕ್ಕವಳು ಕಚ್ಚಿದ್ದಳು. ಲಂಗ ಒದ್ದೆ ಮಾಡಿಕೊಂಡು, ಬಿಕ್ಕುವುದಕ್ಕೂ ಹೆದರಿಕೊಂಡು ಅದು ನಿಂತಿತ್ತು.

ವ್ಯಾಪಾರಿ ಮಗಳ ಹತ್ತಿರ ಬಂದರು. "ನಾನು ಕೂಗಿದ್ದು ಕೇಳಿಸ್ತಾ?"

"ಕೇಳಿಸ್ತು ಅಪ್ಪಾ."

"ನಾನೇ ಅಂತ ಗೊತ್ತಾಯ್ತಾ?"

"ಗೊತ್ತಾಯ್ತು."

"ಮತ್ತೆ?"

"ಆಣೆ ಇತ್ತು ಕಣಪ್ಪ."

ಅವರು ಮಚ್ಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಚಿಕ್ಕವಳನ್ನು ಹೆಗಲಿಗೆ ಹಾಕಿಕೊಂಡು ಊರ ಕಡೆ ತಿರುಗಿದರು. ನಾವೆಲ್ಲ ಹಿಂದೆ ನಡೆದೆವು. ನಾಯಕಿ ಅಪ್ಪನ ಹಿಂದೆ ಹೋಗಲಿಲ್ಲ. ನನ್ನ ಪಕ್ಕದಲ್ಲೇ ಹೆಜ್ಜೆ ಹಾಕಿಕೊಂಡು ಬಂದಳು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆಗ ನನಗೆ ಒಂದು ಗಳಿಗೆ ಹೆಮ್ಮೆಯೆನಿಸಿತ್ತು.

ಸೋಮವಾರ ಶಾಲೆಗೆ ಯಾರೂ ಬರುವುದಿಲ್ಲವೆಂದುಕೊಂಡಿದ್ದೆ. ದಳ ಮುಚ್ಚಿದೆನೆಂದು ಮೈಸೂರಿಗೆ ಬರೆಯಬೇಕಾದ ಕಾಗದವನ್ನು ಭಾನುವಾರವೇ ಬರೆದಿಟ್ಟಿದ್ದೆ. ಹತ್ತು ಗಂಟೆಗೆ ವ್ಯಾಪಾರಿ ಮಗಳನ್ನು ಕರೆದುಕೊಂಡು ಬಂದರು. ಅವಳ ಅಂಗೈಗೆ ಅರಿಸಿನದ ಬಟ್ಟೆ ಕಟ್ಟಿತ್ತು. ಶಾಲೆ ಬಿಡಿಸಲು ಬಂದಿದ್ದಾರೆಂದು ಹಾಜರಿ ಪುಸ್ತಕ ಎತ್ತಿಕೊಂಡೆ.

"ಪುಸ್ತಕ ಮಡಗಿ" ಎಂದರು. "ಗಂಟಾಕದೂ ಕಲಿಸಿ, ನಡಿಯದೂ ಕಲಿಸಿ. ನಾನು ಬ್ಯಾಡ ಅನ್ನಕಿಲ್ಲ. ಮಗೀನ ಕೈಲಿ ಆಕಿಸ್ಕಂಡಿದ್ದೀರಲ್ಲ ಆಣೆ, ಅದ ಬಿಡಿಸ್ಬುಡಿ. ರಾತ್ರಿ ಅನ್ನಕ್ಕೆ ಕರುದ್ರೂ ಓ ಅನ್ನಕೆ ಎದುರ್ಕತಾಳೆ."

ಆಣೆ ಬಿಡಿಸುವುದು ಹೇಗೆಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಅವಳ ಗಾಯದ ಕೈಯನ್ನು ನನ್ನ ಕೈಮೇಲಿಂದ ಮೂರು ಸಲ ಎತ್ತಿ ಇಳಿಸಿ, "ಆಣೆ ಬಿಟ್ಟೆ, ಯಾರು ಕರೆದರೂ ಓ ಅನ್ನು" ಎಂದೆ. ಅವಳು ತಲೆಯಾಡಿಸಿದಳು.

ಅವಳಪ್ಪ ಅಂಗಳ ದಾಟಿ ಬೇಲಿಯ ಹತ್ತಿರ ಹೋಗಿ ನಿಂತರು. ಅಲ್ಲಿಂದ ಅವಳ ಹೆಸರು ಹಿಡಿದು ಕೂಗಿದರು.

ಅವಳು ಮೊದಲು ನನ್ನ ಮುಖ ನೋಡಿದಳು. ಆಮೇಲೆ ಓ ಎಂದಳು.

ಅವಳು ನನ್ನ ಮುಖ ನೋಡಿದ್ದನ್ನು ಅವಳಪ್ಪ ನೋಡಿದರು.