ದಣಿದ ಕಾಲಿನ ಸಾಕ್ಷಿ

ಬೆಳಗಿನ ಐದೂಕಾಲು. ಹಕ್ಕಿಗಳೇ ಇನ್ನೂ ಮಗ್ಗುಲು ಬದಲಿಸುತ್ತಿರುವ ಹೊತ್ತು. ತಗಡಿನ ಶೆಡ್ಡಿನಲ್ಲಿ ಹಳೆಯ ಬಿಳಿ ಕಾರಿನ ಮುಂದಿನ ಚಕ್ರದೆದುರು ಅಕ್ಕ ಕುಕ್ಕರಗಾಲಲ್ಲಿ ಕೂತಿದ್ದಾರೆ. ಬಾಯಲ್ಲಿ ಟಾರ್ಚು, ಕೈಯಲ್ಲಿ ಟೈರಿನ ಗೀರುಗಳ ಆಳ ಅಳೆಯುವ ಪುಟ್ಟ ಕಡ್ಡಿ. ಒಂದೊಂದು ಟೈರಿಗೆ ಹನ್ನೆರಡು ಕಡೆ ಚುಚ್ಚಿ ನೋಡುತ್ತಾರೆ. ಆಮೇಲೆ ಮರಳು ಚೀಲಗಳ ಸರದಿ. ಮುಂದಿನ ಸೀಟಿಗೊಂದು, ಹಿಂದಿನ ಸೀಟಿಗೆ ಮೂರು, ತುಂಬಿದ ಸಂಸಾರದ ತೂಕಕ್ಕೆ ಸರಿಯಾಗಿ. ಎಲ್ಲಕ್ಕಿಂತ ದಪ್ಪಗಿರುವ ಚೀಲಕ್ಕೆ ಶೆಡ್ಡಿನವರೆಲ್ಲ ‘ಭಾವ’ ಅನ್ನುತ್ತಾರೆ.

“ಇವರಷ್ಟು ಒಳ್ಳೇ ಭಾವ ಎಲ್ಲಿ ಸಿಗ್ತಾರೆ ಹೇಳಿ. ದಾರೀಲಿ ಕಾಫಿ ಕೇಳಲ್ಲ, ಎಡಕ್ಕೆ ಹೋಗು ಬಲಕ್ಕೆ ಹೋಗು ಅಂತ ತಲೆ ತಿನ್ನಲ್ಲ,” ಎನ್ನುತ್ತ ಅಕ್ಕ ಚೀಲಕ್ಕೆ ಬೆಲ್ಟು ಬಿಗಿದು, ಸೊಂಟ ಹಿಡಿದುಕೊಂಡು ನೆಟ್ಟಗಾಗುತ್ತಾರೆ. ಅವರು ನೆಟ್ಟಗಾಗುವಷ್ಟರಲ್ಲಿ ಒಂದು ಸಣ್ಣ ಸಾಮ್ರಾಜ್ಯ ಎದ್ದು, ಮೆರೆದು, ಬಿದ್ದುಹೋಗಬಹುದು.

ಎಲ್ಲರೂ ‘ಅಕ್ಕ’ ಎನ್ನುವ ಇವರು ಅಗ್ಗದ ಟೈರು ಮಾಡುವ ಕಂಪನಿಯೊಂದರಲ್ಲಿ ಪರೀಕ್ಷಾ ಚಾಲಕಿ. ಹೊಸ ಟೈರು ಅಂಗಡಿಗೆ ಹೋಗುವ ಮೊದಲು ಅದನ್ನು ಹಾಕಿಕೊಂಡು ಸಾಮಾನ್ಯ ಜನ ಓಡಾಡುವ ದಾರಿಯಲ್ಲೇ ಓಡಾಡುವುದು ಇವರ ಕೆಲಸ. ಶಾಲೆಯ ಓಣಿ, ಆಸ್ಪತ್ರೆಯ ತಿರುವು, ತರಕಾರಿ ಮಾರುಕಟ್ಟೆ, ಒಂಟೆಯ ಬೆನ್ನಿನಂಥ ಎಂಟು ಉಬ್ಬು, ಆನೆ ಬಿದ್ದರೂ ಕಾಣದಂಥ ಗುಂಡಿಗಳು. ರೇಡಿಯೊ ಹಾಕುವುದಿಲ್ಲ. ಕಿಟಕಿ ಎರಡು ಬೆರಳಷ್ಟು ತೆರೆದು ಟೈರಿನ ಸದ್ದು ಕೇಳುತ್ತಾರೆ. ದಿನಕ್ಕೆ ಇನ್ನೂರ ನಲವತ್ತು ಕಿಲೋಮೀಟರು, ಇಪ್ಪತ್ತಾರು ವರ್ಷ. ಚಂದ್ರಲೋಕಕ್ಕೆ ಹೋಗಿ ಬಂದು, ಮರೆತುಬಂದ ಕೊಡೆ ತರಲು ಇನ್ನೊಮ್ಮೆ ಹೋಗಿ ಬಂದಷ್ಟಾಯಿತು ಎಂದು, ಅವರ ಕತೆ ಬರೆಯಲು ಬಂದ ನಾನು ಲೆಕ್ಕ ಒಪ್ಪಿಸುತ್ತೇನೆ.

“ಅಷ್ಟೆಲ್ಲ ಇರ್ಲಾರದು. ಮಧ್ಯೆ ಎರಡು ವರ್ಷ ಸೊಂಟ ನೋವು ಅಂತ ಅರ್ಧ ದಿನ ಮಾಡಿದೀನಿ. ಅದನ್ನ ಕಳೀರಿ,” ಎನ್ನುತ್ತಾರೆ ಅಕ್ಕ.

ಇಷ್ಟು ಸುತ್ತುವವರಿಗೆ ಸ್ವಂತ ಕಾರಿಲ್ಲ. ಎರಡು ಬಸ್ಸು ಬದಲಿಸಿ ಮನೆ ಸೇರಿದರೆ ಬಾಗಿಲಲ್ಲೇ ಅತ್ತೆಯ ಸ್ವಾಗತ: “ಲೋಕ ಎಲ್ಲ ಸುತ್ತಿ ಬರ್ತಾಳೆ, ಉಪ್ಪು ತಾರೇ ಅಂದ್ರೆ ಅಂಗಡಿ ಕಾಣ್ಲಿಲ್ಲ ಅಂತಾಳೆ.”

ಏಳು ವರ್ಷದ ಹಿಂದೆ ಅಕ್ಕ ಒಂದು ಟೈರಿಗೆ ಕಣ್ಣು ಮುಚ್ಚಿ ಒಪ್ಪಿಗೆ ಕೊಟ್ಟರು. ಒದ್ದೆ ರಸ್ತೆಯಲ್ಲಿ ಎಷ್ಟು ಸಲ ಬ್ರೇಕು ಹಾಕಿದರೂ ಹೇಳಿದಲ್ಲಿ ನಿಲ್ಲುತ್ತಿತ್ತು. ಅದನ್ನೇ ತಂಗಿಯ ಕಾರಿಗೂ ಹಾಕಿಸಿದರು. ಒಂದು ಸಂಜೆ, ಕೆಲಸ ಮುಗಿಸಿ ಬರುತ್ತಿದ್ದ ತಂಗಿ ತುಂತುರು ಮಳೆಯಲ್ಲಿ ಬ್ರೇಕು ಒತ್ತಿದಳು. ಕಾರು ಜಾರಿಕೊಂಡು ಹೋಗಿ ನಿಂತಿದ್ದ ಹಾಲಿನ ವ್ಯಾನಿಗೆ ಗುದ್ದಿತು. ಅವಳ ಮಣಿಕಟ್ಟು ಮುರಿಯಿತು.

“‘ನೀನೇ ನೋಡಿ ಕೊಟ್ಟಿದ್ದಲ್ವೇನೆ’ ಅಂದ್ಲು. ಬೈದಿದ್ರೆ ಚೆನ್ನಾಗಿತ್ತು. ಮೆತ್ತಗೆ ಕೇಳಿದ್ಲು,” ಎನ್ನುತ್ತಾರೆ ಅಕ್ಕ.

ಮರುದಿನ ಅಕ್ಕ ಅದೇ ಟೈರನ್ನು ಮತ್ತೆ ಓಡಿಸಿದರು. ಮತ್ತೆ ಚೆನ್ನಾಗಿಯೇ ನಿಂತಿತು. ಇಡೀ ವಾರ ತಲೆ ಕೆಡಿಸಿಕೊಂಡ ಮೇಲೆ ಕಳ್ಳ ಸಿಕ್ಕಿದ. ಅದು ಅವರದೇ ಬಲಗಾಲು. ಆ ಹಳೆಯ ಕಾರಿನಲ್ಲಿ ಚಕ್ರ ಜಾರದಂತೆ ತಾನೇ ನೋಡಿಕೊಳ್ಳುವ ಯಂತ್ರವಿಲ್ಲ. ಟೈರು ಜಾರುವ ಮೊದಲೇ ಅಕ್ಕನ ಕಾಲು ಬ್ರೇಕನ್ನು ಕೂದಲೆಳೆಯಷ್ಟು ಸಡಿಲಬಿಡುತ್ತಿತ್ತು, ಅವರಿಗೇ ತಿಳಿಯದಂತೆ. ಟೈರಿನ ತಪ್ಪನ್ನೆಲ್ಲ ಕಾಲು ಮುಚ್ಚಿಹಾಕುತ್ತಿತ್ತು.

“ಕೆಲಸ ಜಾಸ್ತಿ ಕಲಿತುಬಿಟ್ಟಿದ್ದೆ. ಕೊಳ್ಳೋರಿಗೆ ನನ್ ಕಾಲು ಎಲ್ಲಿಂದ ಬರ್ಬೇಕು?”

ಅಂದಿನಿಂದ ಒದ್ದೆ ರಸ್ತೆಯ ಪರೀಕ್ಷೆಯನ್ನು ಅಕ್ಕ ಎರಡು ಸಲ ಮಾಡುತ್ತಾರೆ. ನಿಯಮದ ಪ್ರಕಾರ ಬೆಳಿಗ್ಗೆ ಒಮ್ಮೆ. ಇನ್ನೂರ ನಲವತ್ತು ಕಿಲೋಮೀಟರು ಮುಗಿಸಿ, ಕಣ್ಣು ಎಳೆಯುವಾಗ, ಕಾಲು ಕಲ್ಲಿನಂತಾದಾಗ ಇನ್ನೊಮ್ಮೆ. ಆಗ ಆ ಕಾಲಿಗೆ ಜಾಣತನ ಮಾಡುವ ತ್ರಾಣವಿರುವುದಿಲ್ಲ. ಜಗತ್ತಿನಲ್ಲಿ ಸುಸ್ತನ್ನು ಹೀಗೆ ಉಪಕರಣದಂತೆ ಬಳಸುವವರು ಇವರೊಬ್ಬರೇ ಎಂದು ನಾನು ಯಾವ ಕಟಕಟೆಯಲ್ಲಾದರೂ ನಿಂತು ಹೇಳಬಲ್ಲೆ.

ಈಗ ಕಾರಿನಲ್ಲಿರುವ ಹೊಸ ಟೈರಿನ ವರದಿಗೆ ಇವತ್ತೇ ಕಡೆಯ ದಿನ. ಅಕ್ಕನಿಗೆ ಅದರ ಮೇಲೆ ದ್ವೇಷವೇನಿಲ್ಲ. ಸದ್ದು ಕಡಿಮೆ, ಗುಂಡಿ ತಡೆಯುತ್ತದೆ, ಸವೆತ ನೋಡಿದರೆ ನಲವತ್ತು ಸಾವಿರ ಕಿಲೋಮೀಟರು ಬಾಳುತ್ತದೆ, ಬೆಲೆ ಬಡವರ ಕೈಗೆಟಕುತ್ತದೆ. ತಕರಾರು ಒಂದೇ. ಗಂಟೆಗೆ ಅರವತ್ತರ ವೇಗದಲ್ಲಿ ಒದ್ದೆ ರಸ್ತೆಯಲ್ಲಿ ಬ್ರೇಕು ಹಾಕಿದರೆ ಬೆಳಿಗ್ಗೆ ಇಪ್ಪತ್ತನಾಲ್ಕು ಮೀಟರಿಗೆ ನಿಂತದ್ದು, ಸಂಜೆ ಇಪ್ಪತ್ತೊಂಬತ್ತಕ್ಕೆ ಹೋಗಿದೆ. ಇಪ್ಪತ್ತಾರು ದಾಟಿದರೆ ನಪಾಸು.

ಸಂಜೆ ಐದೂವರೆಗೆ ವರದಿ ನೋಡುವ ಸಾಹೇಬರ ಮೇಜಿನೆದುರು ಅಕ್ಕ ಕೂತಿದ್ದಾರೆ. ಸಾಹೇಬರಿಗೆ ಅವರ ಅರ್ಧ ವಯಸ್ಸು. ಅಕ್ಕನ ಕೆಲಸ ವರ್ಷಕ್ಕೊಮ್ಮೆ ಮುಂದುವರಿಸುವಂಥದ್ದು, ಆ ಕಾಗದ ಮುಂದಿನ ತಿಂಗಳು ಇದೇ ಮೇಜಿಗೆ ಬರುತ್ತದೆ. ಇಬ್ಬರಿಗೂ ಅದು ಗೊತ್ತಿದೆ.

“ಬೆಳಿಗ್ಗೇದು ಇಪ್ಪತ್ನಾಲ್ಕು ಬಂದಿದ್ಯಲ್ಲ ಅಕ್ಕ. ಅದನ್ನೇ ಬರೀರಿ. ಮುಂದಿನ ವಾರ ಮಾಲು ಅಂಗಡಿಗೆ ಹೋಗ್ಬೇಕು.”

ಅಕ್ಕ ಎರಡೂ ಅಂಕಿ ಬರೆಯುತ್ತಾರೆ. ಸಂಜೆಯದರ ಕೆಳಗೆ ಗೆರೆ ಎಳೆದು ರುಜು ಹಾಕುತ್ತಾರೆ.

ಸಾಹೇಬರ ಮುಖ ಇಳಿಯುತ್ತದೆ. “ಹಾಗಾದ್ರೆ ಚಾಲಕಿಗೆ ಸುಸ್ತಾಗಿತ್ತು ಅಂತ ನಾನು ಬರೀಬೇಕಾಗುತ್ತೆ.”

“ಬರೀರಿ ಸಾರ್, ನಿಜ ತಾನೇ. ಕೊಳ್ಳೋರಿಗೂ ಸುಸ್ತಾಗಿರುತ್ತೆ ಅಂತ ಕೆಳಗೆ ಒಂದು ಸಾಲು ಸೇರ್ಸಿ.”

ಸಾಹೇಬರು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆಯುತ್ತಾರೆ. ಗೋಡೆಯ ಗಡಿಯಾರ ಆಕಳಿಸುತ್ತದೆ. ಕೊನೆಗೆ ಆ ಸಾಲನ್ನು ಬರೆಯುತ್ತಾರೆ, ಹಾಗೆಯೇ, ಅಕ್ಕನ ಮಾತಿನಲ್ಲೇ. ಕಾಗದ ಮಡಚಿ ಹೇಳುತ್ತಾರೆ: “ರಬ್ಬರಿನ ಮಿಶ್ರಣ ಬದಲಾಯಿಸ್ಬೇಕು. ಆಮೇಲೆ ಮೊದಲಿಂದ ಓಡಿಸ್ಬೇಕು. ಹನ್ನೆರಡು ಸಾವಿರ ಕಿಲೋಮೀಟರು. ನೀವೇ.”

ಐವತ್ತು ದಿನ. ಅಕ್ಕ ಕಣ್ಣು ಮುಚ್ಚುತ್ತಾರೆ. ತೆರೆಯಲು ಅವಸರವಿಲ್ಲ.

“ಓಡಿಸ್ತೀನಿ ಸಾರ್. ನಾಳೆ ಒಂದು ದಿನ ಮಾತ್ರ ರಜಾ ಕೊಡಿ. ಮಲಗ್ಬೇಕು.”