ಅಳುಮುಂಜಿ ಅಕ್ಕ ಕೆಡಿಸಿದ ಟೇಕ್

ನನ್ನ ಸೋದರತ್ತೆ ಅಳುವುದನ್ನೇ ವೃತ್ತಿ ಮಾಡಿಕೊಂಡಿದ್ದವಳು. ತಮಾಷೆಯಲ್ಲ. ತೆರೆಯ ಮೇಲೆ ಕಣ್ಣೀರು ನಾಯಕಿಯದು, ಬಿಕ್ಕಳಿಕೆ ಅತ್ತೆಯದು. ಮಾತುಗಳನ್ನೆಲ್ಲ ತಾವೇ ಆಡುತ್ತಿದ್ದ ನಟಿಯರೂ ಅಳುವ ದೃಶ್ಯ ಬಂದರೆ ಗಂಟಲು ಕೆಡುತ್ತದೆಂದು ಜಾರಿಕೊಳ್ಳುತ್ತಿದ್ದರು. ಆಗ ಡಬ್ಬಿಂಗ್ ಥಿಯೇಟರಿನಿಂದ ಅತ್ತೆಗೆ ಫೋನ್ ಬರುತ್ತಿತ್ತು. ಅಲ್ಲಿ ಎಲ್ಲರ ಬಾಯಲ್ಲೂ ಅವಳು ಅಳುಮುಂಜಿ ಅಕ್ಕ. ಮನೆಯಲ್ಲಿ ನೋಡಿದರೆ ಇದೇ ಅಳುಮುಂಜಿ ಹುಲ್ಲುಕಡ್ಡಿಯಂಥ ವಿಷಯಕ್ಕೂ ಹೊಟ್ಟೆ ಹಿಡಿದುಕೊಂಡು ನಗುವ ಹೆಂಗಸು.

ರಜೆಯಲ್ಲಿ ನಾನೂ ಅವಳ ಜೊತೆ ಹೋಗಿದ್ದುಂಟು. ಗೋಡೆಗೆಲ್ಲ ಮೆತ್ತೆ ಹೊಡೆದ, ಕಿಟಕಿಯಿಲ್ಲದ ಕೋಣೆ. ಸದ್ದಾಗುತ್ತದೆಂದು ಫ್ಯಾನ್ ಹಾಕುವಂತಿಲ್ಲ, ಬಳೆ ತೊಡುವಂತಿಲ್ಲ, ಗಂಜಿ ಹಾಕಿದ ಬಟ್ಟೆ ಉಡುವಂತಿಲ್ಲ. ಬೆವರು ಒರೆಸಿಕೊಳ್ಳುತ್ತ ಮೈಕಿನ ಮುಂದೆ ನಿಂತು, ತೆರೆಯ ಮೇಲಿನವಳ ತುಟಿ ತೆರೆದಾಗ ತೆರೆಯಬೇಕು, ಮುಚ್ಚಿದಾಗ ಮುಚ್ಚಬೇಕು. ಮುಚ್ಚಿದ ತುಟಿಯಿಂದ ಅರ್ಧ ಅಕ್ಷರ ಆಚೆ ಬಿದ್ದರೂ ಟೇಕ್ ಕೆಟ್ಟಿತು. ಅತ್ತೆಯದು ಬೀಳುತ್ತಿರಲಿಲ್ಲ. ಎದೆ ಒಡೆಯುವಂತೆ ಅತ್ತು ಮುಗಿಸಿ, ಮರುಕ್ಷಣವೇ "ಬಾರೇ, ಹೊಟ್ಟೆ ಚುರುಗುಟ್ತಿದೆ" ಅಂತ ಚಪ್ಪಲಿ ಮೆಟ್ಟುತ್ತಿದ್ದಳು.

ಮಾವ ಬಸ್ ಡಿಪೋದಲ್ಲಿ ಗುಮಾಸ್ತರು. ಅತ್ತೆಯ ದನಿಯಿದ್ದ ಒಂದು ಸಿನಿಮಾವನ್ನೂ ಬಿಟ್ಟವರಲ್ಲ. ಅಳು ಶುರುವಾದ ಕೂಡಲೇ ಪಕ್ಕದಲ್ಲಿ ಕೂತ ಅಪರಿಚಿತನನ್ನು ಮೊಣಕೈಯಿಂದ ತಿವಿದು, "ಈ ಅಳು ನಮ್ಮನೇದು ಸಾರ್" ಅನ್ನುತ್ತಿದ್ದರು. ಒಬ್ಬಾತ ಪಾಪ, ಗಾಬರಿಯಾಗಿ, "ಮನೇಲಿ ಏನ್ ತೊಂದ್ರೆ ಸಾರ್?" ಅಂತ ಕೇಳಿದ್ದನಂತೆ. ಅದನ್ನು ಹೇಳಿಕೊಂಡು ಗಂಡ ಹೆಂಡತಿ ಎಷ್ಟು ವರ್ಷ ನಕ್ಕರೋ.

ಆ ಮಾವ ಒಂದು ಬೆಳಿಗ್ಗೆ ಹಜಾರದ ಕುರ್ಚಿಯಲ್ಲಿ ಪೇಪರ್ ಹಿಡಿದುಕೊಂಡೇ ಹೋಗಿಬಿಟ್ಟರು. ಅತ್ತೆ ಅಡುಗೆಮನೆಯಲ್ಲಿದ್ದಳು. ತೊಟ್ಟಿ ತುಂಬಿ ಹರಿಯುತ್ತಿದೆ, ಎದ್ದು ನಲ್ಲಿ ನಿಲ್ಲಿಸಿ ಅಂತ ಕೂಗಿದಳು. ಉತ್ತರವಿಲ್ಲ. ಕೂಗಿ ಕೂಗಿ ಸಾಕಾಗಿ, "ನಿಮಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ" ಎಂದು ಬೈದುಕೊಂಡೇ ಹೊರಗೆ ಬಂದಳು.

ಅವಳ ಚೀರಾಟಕ್ಕೆ ಅಕ್ಕಪಕ್ಕದವರೆಲ್ಲ ಓಡಿ ಬಂದರು. ನಾನು ಹೋಗುವ ಹೊತ್ತಿಗೆ ಮನೆ ತುಂಬ ಜನ. ಎದುರುಮನೆಯಾಕೆ ಪಕ್ಕದವಳ ಕಿವಿಯಲ್ಲಿ, ಎಲ್ಲರಿಗೂ ಕೇಳುವಂತೆ, "ಅಯ್ಯೋ, ಥೇಟ್ ಸಿನಿಮಾದಲ್ಲಿ ಅತ್ತಂಗೇ ಅಳ್ತಿದಾರಲ್ರೀ" ಅಂದಳು. ಅತ್ತೆಗೂ ಕೇಳಿಸಿತು. ಅಳು ಸ್ವಿಚ್ ಆರಿಸಿದಂತೆ ನಿಂತಿತು. ಎದುರುಮನೆಯಾಕೆಗೆ ಕೆಟ್ಟ ಬುದ್ಧಿ ಇರಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಇರಲಿ, ನಾನಂತೂ ಇವತ್ತಿಗೂ ಆಕೆಯ ಮುಖ ನೋಡಿ ಮಾತಾಡಿಲ್ಲ.

ಅತ್ತೆ ಆಮೇಲೆ ಅಳಲೇ ಇಲ್ಲ. ಡಬ್ಬಿಂಗ್ ಫೋನುಗಳಿಗೂ ಒಲ್ಲೆ ಅಂದಳು. ನಗುವೂ ಹೋಯಿತು. ಕೇಳಿದರೆ ಒಮ್ಮೆ ಮಾತ್ರ ಬಾಯಿ ಬಿಟ್ಟಳು.

"ಆಯಮ್ಮನ ಮೇಲೆ ಯಾಕೆ ರೇಗ್ತೀಯ? ನನಗೂ ಹಾಗೇ ಕೇಳಿಸ್ತು ಕಣೆ. ಉಸಿರು ಎಲ್ಲಿ ಎಳೀಬೇಕೋ ಅಲ್ಲೇ ಎಳೀತಿದ್ದೆ, ಎಲ್ಲಿ ಬಿಕ್ಕಬೇಕೋ ಅಲ್ಲೇ ಬಿಕ್ತಿದ್ದೆ. ಅವರು ಅಲ್ಲಿ ಹಾಗೆ ಕೂತಿದಾರೆ, ನಾನು ಒಳ್ಳೇ ಟೇಕ್ ಕೊಡ್ತಿದೀನಿ. ಜೊತೇಲಿ ಬಾಳಿದವರಿಗೆ ಅಂತ ಒಂದು ನಿಜವಾದ ಅಳೂ ನನ್ನತ್ರ ಉಳಿದಿಲ್ವೇನೋ."

ನಾನು ಶಾಲೆಯಲ್ಲಿ ಆಟದ ಟೀಚರ್, ಶಿಳ್ಳೆ ಊದಿ ಬದುಕುವವಳು. ಸಮಾಧಾನ ಹೇಳುವ ಕಲೆ ನನಗಿಲ್ಲ. ಬೇಸಿಗೆ ರಜೆ ಬಂದಾಗ ಹೊರದೇಶದ ಪ್ಯಾಕೇಜ್ ಟೂರಿಗೆ ಇಬ್ಬರ ಹೆಸರನ್ನೂ ಬರೆಸಿ, "ಸೂಟ್‌ಕೇಸ್ ತುಂಬು" ಅಂದೆ. ಹಟ ಮಾಡಲೂ ಅವಳಿಗೆ ಮನಸ್ಸಿರಲಿಲ್ಲ, ಬಂದಳು.

ಟೂರಿನಲ್ಲಿ ಫಿಲ್ಮ್ ಸ್ಟುಡಿಯೋ ನೋಡುವುದೂ ಒಂದು ಎಂದು ಬಸ್ಸು ಅದರ ಬಾಗಿಲಿಗೆ ನಿಂತಾಗಲೇ ನನಗೆ ಗೊತ್ತಾದದ್ದು. ಕರೆದುಕೊಂಡು ಬಂದು ಗಾಯ ಕೆರೆದ ಹಾಗಾಯಿತಲ್ಲ ಅಂತ ತಲೆ ಚಚ್ಚಿಕೊಂಡೆ. "ಬಸ್ಸಲ್ಲೇ ಕೂತಿರೋಣ" ಅಂದರೆ, "ದುಡ್ಡು ಕೊಟ್ಟು ಬಂದಿದೀವಿ, ನೋಡೋಣ ನಡಿ" ಅಂದಳು.

ಬಾಗಿಲಿಲ್ಲದ ಉದ್ದ ಗಾಡಿಯಲ್ಲಿ ಕೂರಿಸಿ ಸುತ್ತಿಸಿದರು. ಒಂದಿಡೀ ಬೀದಿಯಲ್ಲಿ ಮನೆಗಳಿಗೆ ಮುಖ ಮಾತ್ರ, ಬೆನ್ನೇ ಇಲ್ಲ. ಹಿಂದೆ ಬರೀ ಮರದ ಆಸರೆ. ಸುಡುಬಿಸಿಲಿನಲ್ಲಿ ಒಂದೇ ಅಂಗಡಿಯ ಮುಂದೆ ಪೈಪಿನ ಮಳೆ ಸುರಿಯಿತು. ಎಲ್ಲರೂ ಹೋ ಎಂದರು. ಅತ್ತೆ ಕೈ ಚಾಚಿ ಹನಿ ಮುಟ್ಟಿ, "ನೀರಂತೂ ನಿಜದ್ದೇ ಕಣೆ" ಅಂದಳು.

ಕೊನೆಗೆ ಒಂದು ತಣ್ಣನೆಯ ಹಾಲ್. ತೆರೆಯ ಮೇಲೆ ಹಳೆಯ ಸಿನಿಮಾದ ತುಣುಕು, ಸದ್ದಿಲ್ಲ. ಗಾಜಿನ ಕೋಣೆಯಲ್ಲಿ ಮೈಕಿತ್ತು. ನೋಡಲು ಬಂದವರು ಒಬ್ಬೊಬ್ಬರಾಗಿ ಒಳಗೆ ಹೋಗಿ ತಮ್ಮ ತಮ್ಮ ಭಾಷೆಯಲ್ಲಿ ಅದಕ್ಕೆ ದನಿ ಕೊಡಬಹುದು. ನಮ್ಮ ಗುಂಪಿನಲ್ಲಿದ್ದ ಔಷಧಿ ಅಂಗಡಿಯವರು ಕತ್ತೆಯಂತೆ ಕಿರುಚಿ ಎಲ್ಲರನ್ನೂ ನಗಿಸಿ ಹೊರಗೆ ಬಂದರು. ಬಂದವರು ಸುಮ್ಮನಿರಬಾರದೇ? ಅತ್ತೆಯ ಕೆಲಸದ ಸುದ್ದಿ ಬಸ್ಸಿನಲ್ಲಿ ನನ್ನ ಬಾಯಿಂದಲೇ ಜಾರಿತ್ತು. "ನಮ್ಮ ಜೊತೆ ಅಸಲಿ ಆರ್ಟಿಸ್ಟೇ ಇದಾರೆ! ಬನ್ನಿ ಮೇಡಂ" ಎಂದು ಅತ್ತೆಯನ್ನು ಕರೆದರು.

ನಾನು ಕಣ್ಣಲ್ಲೇ ಅವರನ್ನು ಸುಟ್ಟೆ. "ಬೇಡ ಅತ್ತೆ" ಅಂದೆ.

"ಇರ್ಲಿ ಬಿಡೆ. ಇಲ್ಲಿ ನನ್ನ ದನಿ ಯಾರಿಗೆ ಗೊತ್ತು?" ಎಂದು ಬಳೆ ಬಿಚ್ಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಹಳೆಯ ಚಾಳಿ. ಒಂದು ಕಾಲು ಮುಂದಿಟ್ಟು, ಗಲ್ಲ ತುಸು ಎತ್ತಿ ನಿಂತಳು.

ತುಣುಕು ಓಡಿತು. ಒಬ್ಬ ಗಂಡಸು ಬೆನ್ನು ಮಾಡಿ ಕುರ್ಚಿಯಲ್ಲಿ ಕೂತಿದ್ದಾನೆ. ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ಅವನಿಗೆ ಏನೋ ಹೇಳುತ್ತಾಳೆ. ಅವನು ತಿರುಗುವುದಿಲ್ಲ. ಅವಳು ಬಾಯಿ ಮುಚ್ಚಿ ಅವನನ್ನೇ ನೋಡುತ್ತ ನಿಲ್ಲುತ್ತಾಳೆ. ಅಷ್ಟೇ. ಇಷ್ಟು ಹೊತ್ತು ಅದನ್ನೇ ನೋಡಿ ನಕ್ಕಿದ್ದೆವು. ಅತ್ತೆ ಒಳಗೆ ನಿಂತ ಮೇಲೆ ನನಗೆ ಅದು ಏನೆಂದು ಹೊಳೆಯಿತು.

"ಏಳ್ರೀ, ನೀರು ಹರಿದು ಹೋಗ್ತಿದೆ" ಅಂದಳು ಅತ್ತೆ. ಆ ಹೆಂಗಸಿನ ತುಟಿಗೆ ಅಚ್ಚುಕಟ್ಟಾಗಿ ಕೂತಿತು. ಹೆಂಗಸು ಬಾಯಿ ಮುಚ್ಚಿದಳು.

ಅತ್ತೆ ಮುಚ್ಚಲಿಲ್ಲ.

"ಬೈದ್ಬಿಟ್ಟೆ ಕಣ್ರೀ. ನಂಗೆ ಗೊತ್ತಾಗ್ಲಿಲ್ಲ. ಉತ್ತರ ಕೊಡ್ತಿಲ್ಲ ಅಂತ ಸಿಟ್ಟು ಬಂತು. ಆಗ್ಲೇ ಒಂದ್ಸಲ ಆಚೆ ಬಂದು ನೋಡಿದ್ದಿದ್ರೆ... ನೋಡಬೇಕಿತ್ತು ನಾನು... ಗೋಡೆ ಅಂದ್ನಲ್ರೀ ನಿಮ್ಮನ್ನ..."

ತೆರೆ ಖಾಲಿಯಾಯಿತು. ಅತ್ತೆ ಮಾತಾಡುತ್ತಲೇ ಇದ್ದಳು, ಆಮೇಲೆ ಅದು ಮಾತಾಗಿ ಉಳಿಯಲಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಗೊರಗೊರ ಎಂದಳು, ಕೆಮ್ಮಿದಳು, ಮೂಗು ಸೊರಸೊರ ಎಂದಿತು. ಉಸಿರು ಎಳೆಯಬೇಕಾದಲ್ಲಿ ಎಳೆಯದೆ, ಬೇಡದ ಕಡೆ ಏದುಸಿರು ಬಿಟ್ಟು, ಕೊನೆಗೆ ಮೈಕಿನ ಕಂಬವನ್ನೇ ಹಿಡಿದುಕೊಂಡು ಕುಸಿದಳು. ಮೈಕು ಕುಂಯ್ ಅಂತ ಕೂಗಿತು. ಹಾಲ್‌ನಲ್ಲಿ ಯಾರೂ ನಗಲಿಲ್ಲ. ಔಷಧಿ ಅಂಗಡಿಯವರು ತಲೆ ತಗ್ಗಿಸಿ ನಿಂತಿದ್ದರು. ಸ್ಟುಡಿಯೋದ ಹುಡುಗಿ ಒಳಗೆ ಹೋಗಲು ಎದ್ದಳು, ನಾನು ಅವಳ ತೋಳು ಹಿಡಿದು ನಿಲ್ಲಿಸಿದೆ. ಆಕೆಗೆ ನನ್ನ ಭಾಷೆ ಬಾರದು, ಆದರೂ ನಿಂತಳು. ನನ್ನ ಕಣ್ಣಲ್ಲೂ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಹೊರಗೆ ನಲ್ಲಿಯ ಹತ್ತಿರ ಅತ್ತೆ ಮುಖಕ್ಕೆ ನೀರು ಎರಚಿಕೊಂಡಳು. ಕಣ್ಣು ಕೆಂಡವಾಗಿತ್ತು, ಮೂಗು ಊದಿಕೊಂಡಿತ್ತು. ನನ್ನನ್ನೇ ನೋಡಿ ಕೇಳಿದಳು.

"ನಿಜ ಹೇಳು. ಹೇಗಿತ್ತು?"

ಸುಳ್ಳು ಹೇಳುವ ಸಂದರ್ಭವೇ ಅದು? "ತುಂಬ ಕೆಟ್ಟದಾಗಿತ್ತು ಅತ್ತೆ. ಒಂದು ಮಾತೂ ನೆಟ್ಟಗೆ ಕೇಳಿಸಲಿಲ್ಲ. ನಿನ್ನ ಡೈರೆಕ್ಟರ್ ಯಾರಾದ್ರೂ ಇದ್ದಿದ್ರೆ ಆಚೆ ಕಳಿಸ್ತಿದ್ರು."

"ಹೌದಾ?" ಅವಳು ಒದ್ದೆ ಕೈಯಿಂದಲೇ ನನ್ನ ಕೈ ಹಿಡಿದಳು. "ಸಿನಿಮಾದಲ್ಲಿ ಅತ್ತ ಹಾಗೆ ಇರ್ಲಿಲ್ವಾ?"

"ಅದರ ಹತ್ತಿರಕ್ಕೂ ಬರಲಿಲ್ಲ."

"ಸದ್ಯ" ಅಂದಳು ಅತ್ತೆ.